‘ನಾವು’ ಗೆದ್ದೆವು ಎಂದವರು

2024ರ ಮೇ 18, ಶನಿವಾರ. ತುರುವೇಕೆರೆ ಕಡೆಯ ನಮ್ಮ ಚಿಕ್ಕಪ್ಪ ತಿಪಟೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದರು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅಂದು ಆರ್‌ಸಿಬಿಗೂ ಚೆನ್ನೈಗೂ ಪಂದ್ಯ. ಟಿಕೆಟ್ ನನ್ನ ಫೆಲೋಶಿಪ್ ದುಡ್ಡಿನದು, ಬುತ್ತಿ ಚಿಕ್ಕಮ್ಮನದು. ಬುತ್ತಿಯನ್ನು ಗೇಟಿನೊಳಗೆ ಬಿಡುವುದಿಲ್ಲವೆಂದು ಮೊದಲೇ ಹೇಳಿದ್ದರಿಂದ ಮೆಜೆಸ್ಟಿಕ್‌ನಲ್ಲೇ ಕೂತು ಉಂಡು, ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದೆವು.

ಮೂರು ಓವರ್ ಆಗುತ್ತಲೇ ಮಳೆ ಬಂದು ಆಟ ನಿಂತಿತು. ಚಿಕ್ಕಪ್ಪ ಆಕಾಶ ನೋಡಿ, ‘ಇದೇ ಮಳೆ ತೋಟಕ್ಕೆ ಬಿದ್ದಿದ್ರೆ ಆಗಿತ್ತು’ ಅಂದರು. ಆ ಬಿಡುವಿನಲ್ಲೇ ಕೇಳಿದರು: ‘ಇದ್ರಲ್ಲಿ ನಮ್ಮೋರು ಯಾರೋ?’

ನಾಯಕ ಡು ಪ್ಲೆಸಿ ದಕ್ಷಿಣ ಆಫ್ರಿಕಾದವರು, ಕೊಹ್ಲಿ ದೆಹಲಿಯವರು. ನಮ್ಮ ಕೆ.ಎಲ್. ರಾಹುಲ್ ಆ ವರ್ಷ ಲಖನೌ ತಂಡದ ನಾಯಕ. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ ಎಂದು ವಿವರಿಸಿದೆ. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹಾಕುವವರಿಗೆ ಹರಾಜು ಹೊಸದೇನಲ್ಲ. ‘ಸರಿ ಬಿಡು. ನಮ್ಮ ಕೊಬ್ಬರಿ ದೆಹಲಿಗೆ ಹೋಯ್ತದೆ, ದೆಹಲಿ ಹುಡುಗ ಇಲ್ಲಿಗೆ ಬಂದವ್ನೆ’ ಅಂದರು. (ಕೊಹ್ಲಿ ಹರಾಜಿನಲ್ಲಿ ಬಂದವರಲ್ಲ, 2008ರಲ್ಲಿ ಕಿರಿಯರ ಡ್ರಾಫ್ಟ್‌ನಲ್ಲಿ ಆಯ್ಕೆಯಾದವರು. ಅದನ್ನು ಹೇಳುವ ಹೊತ್ತಲ್ಲ ಅದು.)

ಪ್ಲೇಆಫ್ ತಲುಪಬೇಕಾದರೆ ಆರ್‌ಸಿಬಿ ಕನಿಷ್ಠ 18 ರನ್‌ಗಳಿಂದ ಗೆಲ್ಲಬೇಕಿತ್ತು. 218 ಹೊಡೆದಿತ್ತು, ಚೆನ್ನೈ 201 ಮುಟ್ಟಿದರೆ ಸೋತರೂ ಮುಂದೆ ಹೋಗುವ ಲೆಕ್ಕ. ಕೊನೆಯ ಓವರಿಗೆ ಅವರಿಗೆ ಬೇಕಿದ್ದುದು 17. ಯಶ್ ದಯಾಳ್ ಎಸೆದ ಮೊದಲ ಚೆಂಡನ್ನೇ ಧೋನಿ ಸಿಕ್ಸರ್ ಎತ್ತಿದರು, ಎರಡನೆಯದಕ್ಕೆ ಔಟಾದರು. ಆಮೇಲೆ ಬಂದದ್ದು ಒಂದೇ ರನ್. ಚೆನ್ನೈ 191ಕ್ಕೆ ನಿಂತಿತು. ‘ನಮ್ಮೋರು ಯಾರೋ’ ಎಂದಿದ್ದ ಚಿಕ್ಕಪ್ಪ ಎದ್ದು ನಿಂತು, ಪಕ್ಕದಲ್ಲಿದ್ದ ಗುರುತಿಲ್ಲದ ಹುಡುಗನ ಭುಜ ಹಿಡಿದು ಕೂಗಿದರು: ‘ಗೆದ್ವಿ ಕಣೋ!’

ಹೊಡೆದವರು, ಎಸೆದವರು ಬೇರೆ ಯಾರೋ, ಗೆದ್ದವರು ನಾವು. ಇದು ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. 2009, 2011, 2016ರ ಫೈನಲ್‌ಗಳನ್ನು ಸೋತಾಗ, 2017ರಲ್ಲಿ ಕೋಲ್ಕತ್ತದಲ್ಲಿ 49 ರನ್‌ಗೆ ಆಲೌಟಾದಾಗ ಹಾಸ್ಟೆಲಿನಲ್ಲಿ ಮುಖ ಕೆಳಗೆ ಹಾಕಿ ಓಡಾಡಿದವರಿಗೆ ಆ ‘ನಾವು’ ಪುಕ್ಕಟೆ ಸಿಕ್ಕಿದ್ದಲ್ಲ.

ಆದರೆ ಎಲ್ಲರೂ ಸೋಲನ್ನು ಹಾಗೆ ಹೊರುವುದಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದಾಗ ವಿದ್ಯಾರ್ಥಿಗಳು ‘ನಾವು’ ಎನ್ನುವುದು ಹೆಚ್ಚು, ಸೋತಾಗ ಕಡಿಮೆ. ಓದಿದಾಗ ನಕ್ಕಿದ್ದೆ. ನಾವು ಬೆಂಗಳೂರಿನವರು ಅಂಥವರಲ್ಲ, ಸೋಲನ್ನೂ ಹೊತ್ತವರು ಎಂಬ ಜಂಬ.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್‌ಗಳಿಂದ ಸೋಲಿಸಿ ಆರ್‌ಸಿಬಿ ಮೊದಲ ಕಪ್ ಎತ್ತಿತು. ಮರುದಿನ ಬೆಳಗ್ಗೆ ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ನಾನು ಬರೆದೆ: ‘ಎಲ್ಲರೂ ಬನ್ನಿ, ನಮ್ಮ ಕಪ್ ನೋಡೋಣ.’ ಮಾರ್ಗದರ್ಶಕರನ್ನು ಕಾಣಬೇಕಿದ್ದರಿಂದ ನಾನೇ ಹೋಗಲಿಲ್ಲ. ತುಮಕೂರಿನಲ್ಲಿ ಡಿಪ್ಲೊಮಾ ಓದುವ ಚಿಕ್ಕಪ್ಪನ ಮಗ ಹೋದ. ಸುಮಾರು 35,000 ಮಂದಿ ಹಿಡಿಸುವ ಕ್ರೀಡಾಂಗಣದ ಸುತ್ತ ಲಕ್ಷಾಂತರ ಜನ ಸೇರಿ, ಗೇಟುಗಳ ಬಳಿ ಕಾಲ್ತುಳಿತವಾಗಿ 11 ಮಂದಿ ಸತ್ತರು. ಹೆಚ್ಚಿನವರು ನನಗಿಂತ ಚಿಕ್ಕವರು. ನಮ್ಮ ಹುಡುಗ ಚಪ್ಪಲಿ ಕಳೆದುಕೊಂಡು, ಮೊಣಕೈ ತರಚಿಕೊಂಡು ರಾತ್ರಿ ಹಾಸ್ಟೆಲಿಗೆ ಬಂದ. ಫೋನು ಸಿಗದೆ ಇದ್ದ ಆ ಮೂರು ಗಂಟೆ ಚಿಕ್ಕಪ್ಪನಿಗೆ ಏನು ಹೇಳಿದೆನೋ ನೆನಪಿಲ್ಲ.

ನೆನಪಿರುವುದು ಬೇರೆ. ಅಂದು ರಾತ್ರಿ ನಮ್ಮ ಮೆಸ್ಸಿನಲ್ಲಿ ಎಲ್ಲರೂ ಹೇಳುತ್ತಿದ್ದುದು: ‘ಜನಕ್ಕೆ ಬುದ್ಧಿ ಇಲ್ಲ’, ‘ಅವರು ಯಾಕೆ ಹೋಗಬೇಕಿತ್ತು’. ನಾನೂ ಹೇಳಿದೆ. ಹಿಂದಿನ ರಾತ್ರಿ ಇದೇ ಬಾಯಲ್ಲಿದ್ದ ‘ನಾವು’ ಒಂದು ದಿನ ಕಳೆಯುವುದರೊಳಗೆ ‘ಅವರು’ ಆಗಿತ್ತು. ಪಂದ್ಯದ ಸೋಲನ್ನು ಹೊತ್ತ ಸರ್ವನಾಮ ಸಾವನ್ನು ಹೊರಲಿಲ್ಲ.

ಯಾರ ತಪ್ಪು ಎಂಬುದು ತನಿಖೆಗೆ, ನ್ಯಾಯಾಲಯಕ್ಕೆ ಬಿಟ್ಟದ್ದು. ಜನರನ್ನು ಕರೆದವರು, ಕಾಯಬೇಕಾದವರು ಉತ್ತರ ಕೊಡಲೇಬೇಕು. ಅಭಿಮಾನಿಗಳ ಹುಚ್ಚು ಎಂದು ತಿಪ್ಪೆ ಸಾರಿಸಬಾರದು. ಹಾನ್ನಾ ಅರೆಂಟ್ ತಪ್ಪನ್ನೂ ಹೊಣೆಯನ್ನೂ ಬೇರೆಬೇರೆ ಇಟ್ಟು ನೋಡಿದಾಕೆ. ತಪ್ಪು ಮಾಡಿದವನದು ಮಾತ್ರ. ಹೊಣೆ, ಒಂದು ಗುಂಪಿಗೆ ಸೇರಿದ್ದೇವೆ ಎಂಬ ಕಾರಣಕ್ಕೇ ಮೈಮೇಲೆ ಬರಬಹುದು. ಆಕೆ ಯೋಚಿಸುತ್ತಿದ್ದುದು ರಾಜಕೀಯ ಸಮುದಾಯಗಳ ಬಗ್ಗೆ. ಆರ್‌ಸಿಬಿ ಅಭಿಮಾನಿಗಳು ಅಂಥ ಸಮುದಾಯವೇ ಎಂದು ನನ್ನ ಗೆಳೆಯನೊಬ್ಬ ಕೇಳಿದ. ಕೇಳಬೇಕಾದ್ದೇ. ಟಿಕೆಟ್ ಕೊಂಡವನಿಗೆ, ಟೀವಿ ನೋಡಿದವನಿಗೆ ಯಾವ ಹೊಣೆ? ಒಪ್ಪುತ್ತೇನೆ. ಆದರೆ ಆಗ ಕಪ್ ಕೂಡ ‘ನಮ್ದು’ ಅಲ್ಲ. ಎರಡರಲ್ಲಿ ಒಂದನ್ನು ಬಿಡಬೇಕು. ನನಗೆ ಕಪ್ ಬಿಡುವ ಮನಸ್ಸಿಲ್ಲ, ಅದೇ ಕಷ್ಟ.

ಚಿಕ್ಕಪ್ಪ ಒಂದು ಮಾತೂ ಆಡಲಿಲ್ಲ. ವಾರದ ಮೇಲೆ ಫೋನ್ ಮಾಡಿ, ಅಟ್ಟದ ಕೊಬ್ಬರಿ ಸುಲಿಸಬೇಕು, ರಜೆ ಇದ್ದರೆ ಬಾ ಅಂದರು, ಅಷ್ಟೆ. ಆ ಸಂದೇಶವನ್ನು ನಾನು ಜೂನ್ 4ರ ರಾತ್ರಿಯೇ ಅಳಿಸಿದ್ದೆ. ಅದರ ಕೆಳಗೆ ಅವನು ಬರೆದದ್ದು ಗುಂಪಿನಲ್ಲಿ ಈಗಲೂ ಇದೆ: ‘ಬಂದೆ ಅಣ್ಣಾ.’