ಪುಕ್ಕಟೆ ಪ್ರತಿಯ ಲೆಕ್ಕ



ಸಂತೆಯಲ್ಲಿ ಒಂದು ಮಾವಿನ ಹಣ್ಣನ್ನು ಹೇಳದೆ ಕೇಳದೆ ಎತ್ತಿಕೊಳ್ಳಲು ನಮ್ಮ ಕೈ ನಡುಗುತ್ತದೆ. ಆದರೆ ಈಗಷ್ಟೇ ಅಚ್ಚಾದ ಪುಸ್ತಕದ ಪಿಡಿಎಫ್ ಮೊಬೈಲಿಗೆ ಬಂದರೆ ಅದೇ ಕೈ ಹಿಂಜರಿಯದೆ ಅದನ್ನು ಇತರರಿಗೂ ರವಾನಿಸುತ್ತದೆ. ಧಾರ್ಮಿಕ ಗ್ರಂಥವಾಗಿದ್ದರಂತೂ, 'ಹತ್ತು ಮಂದಿಗೆ ಕಳುಹಿಸಿ, ಪುಣ್ಯ ಗಳಿಸಿ' ಎಂಬ ಒಕ್ಕಣೆಯೂ ಜೊತೆಗಿರುತ್ತದೆ!

'ಮೂಲ ಪುಸ್ತಕ ಅವರ ಬಳಿಯೇ ಇದೆಯಲ್ಲ, ನಾವು ಕದ್ದದ್ದೇನು?' ಎಂದು ಕೆಲವರು ಕೇಳುತ್ತಾರೆ. ನಾವು ತಡೆಹಿಡಿದದ್ದು ಕೂಲಿಯನ್ನು. ಕೆಲಸಗಾರನ ಬೆವರು ಆರುವ ಮುನ್ನ ಅವನ ಕೂಲಿ ಕೊಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಗಾರೆ ಕೆಲಸದವನಿಗೆ ಕೂಲಿ ಕೊಡಲು ಒಬ್ಬ ಮನೆಯೊಡೆಯನಿದ್ದಾನೆ. ಲೇಖಕನ ಕೂಲಿಯಾದರೋ ನೂರಾರು ಓದುಗರ ಕೈಯಿಂದ ಚೂರುಚೂರಾಗಿ ಬರಬೇಕು. ಕಾಗದಕ್ಕೂ ಅಚ್ಚಿಗೂ ಪ್ರಕಾಶಕನು ಮೊದಲೇ ಹಣ ಸುರಿದಿರುತ್ತಾನೆ. ಅನೇಕ ಕನ್ನಡ ಪುಸ್ತಕಗಳು ಅಚ್ಚಾಗುವುದೇ 1,000 ಪ್ರತಿ. ಓದುಗರೆಲ್ಲ ಪುಕ್ಕಟೆ ಪ್ರತಿಗೆ ಕೈಯೊಡ್ಡಿದರೆ ಮುಂದಿನ ಪುಸ್ತಕ ಹೊರಬರುವುದಾದರೂ ಹೇಗೆ?

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಇದು 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. 1988ರಲ್ಲಿ ಕುವೈತ್‌ನಲ್ಲಿ ಸಭೆ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯೂ ಕೃತಿ ರಚನೆ ಮತ್ತು ಆವಿಷ್ಕಾರದ ಹಕ್ಕುಗಳಿಗೆ ಶರೀಅತ್‌ನ ರಕ್ಷಣೆಯಿದೆ, ಅವುಗಳನ್ನು ಉಲ್ಲಂಘಿಸಬಾರದು ಎಂದು ನಿರ್ಣಯಿಸಿತು.

ಹಾಗಾದರೆ ಜ್ಞಾನವನ್ನು ಹರಡಬೇಡವೇ? ಖಂಡಿತ ಹರಡಬೇಕು. ಗ್ರಂಥಾಲಯದಿಂದ ತಂದು ಓದಿರಿ. ಕೊಂಡ ಪುಸ್ತಕವನ್ನು ನೆರೆಯವರಿಗೆ ಓದಲು ಕೊಡಿರಿ. ಪ್ರಕಾಶಕರಲ್ಲಿ ಅನುಮತಿ ಕೇಳಿರಿ. ಲೇಖಕರು ನಿಧನರಾಗಿ 60 ವರ್ಷಗಳ ಅವಧಿ ಮುಗಿದ ಕೃತಿಗಳನ್ನು ಧಾರಾಳವಾಗಿ ಹಂಚಿರಿ. ಬಡ ವಿದ್ಯಾರ್ಥಿಗೆ ನಿಮ್ಮ ಹಣದಿಂದ ಪುಸ್ತಕ ಕೊಡಿಸಿದರೆ ಅದು ದಾನ. ಇನ್ನೊಬ್ಬನ ಸೊತ್ತನ್ನು ಹಂಚಿ ದಾನಿ ಎನಿಸಿಕೊಳ್ಳಲು ಸಾಧ್ಯವೇ?

ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ, ಪರರ ಸೊತ್ತನ್ನು ಕಬಳಿಸಿದ್ದಕ್ಕಾಗಿ ತನ್ನ ಪುಣ್ಯವನ್ನೆಲ್ಲ ಅವರಿಗೆ ಒಪ್ಪಿಸಿ ಬರಿಗೈಯಲ್ಲಿ ನಿಲ್ಲುವವನೇ ನಿಜವಾದ ದಿವಾಳಿ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಸಹಜೀವಿಗಳ ಹಕ್ಕು ಬರಿಯ ಪಶ್ಚಾತ್ತಾಪದಿಂದ ತೀರುವುದಿಲ್ಲ. ಅದನ್ನು ಹಿಂದಿರುಗಿಸಬೇಕು ಅಥವಾ ಅವರಿಂದ ಕ್ಷಮೆ ಪಡೆಯಬೇಕು. ಒಂದು ಗುಂಪಿಗೆ ನಾವು ಕಳುಹಿಸಿದ ಪ್ರತಿ ಎಷ್ಟು ಊರುಗಳನ್ನು ದಾಟಿತೆಂದು ನಮಗೆ ತಿಳಿಯದು. ಅಲ್ಲಾಹನಿಗೆ ತಿಳಿದಿದೆ.

ಆದ್ದರಿಂದ ಇಂದೇ ಆ ಪ್ರತಿಯನ್ನು ಅಳಿಸೋಣ. ಓದಿ ಪ್ರಯೋಜನ ಪಡೆದಿದ್ದರೆ ಪುಸ್ತಕದ ಬೆಲೆಯನ್ನು ಹಕ್ಕುದಾರರಿಗೆ ತಲುಪಿಸೋಣ. ನಮ್ಮ ಅನ್ನದಂತೆ ನಮ್ಮ ಓದೂ ಹಲಾಲ್ ಆಗಿರುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.