ಡೆಂಕನ ಮರಡಿಯ ಬಯಲು, ದುರ್ಗದ ಬಂಡೆ

ತೆಲಿಗಿ, ಹರಪನಹಳ್ಳಿ, ಹಡಗಲಿ ಕಡೆಯ ಜನಕ್ಕೆ ದೃಶ್ಯ ಕಟ್ಟುವುದು ಹೇಗೆಂದು ಸಿನಿಮಾದವರು ಹೇಳಿಕೊಡಬೇಕಾಗಿಲ್ಲ. ಭರತ ಹುಣ್ಣಿಮೆ ಜಾತ್ರೆಗೆ ಮೈಲಾರಕ್ಕೆ ಹೋಗಿ ಬಂದವರು ಅದನ್ನು ಕಣ್ಣಾರೆ ಕಂಡಿರುತ್ತಾರೆ. ಡೆಂಕನ ಮರಡಿಯಲ್ಲಿ ಲಕ್ಷಾಂತರ ಜನ, ನಡುವೆ ಎತ್ತಿ ನಿಲ್ಲಿಸಿದ ಬಿಲ್ಲು. ಉಪವಾಸವಿದ್ದ ಗೊರವಯ್ಯ ಸರಸರನೆ ಬಿಲ್ಲೇರಿ 'ಸದ್ದಲೇ' ಎಂದು ಕೂಗುತ್ತಾನೆ. ಅಷ್ಟೂ ಗದ್ದಲ ಅಡಗುತ್ತದೆ. ಒಂದೇ ಮಾತಿನ ಕಾರ್ಣಿಕ, ಅಂದರೆ ಭವಿಷ್ಯವಾಣಿ, ನುಡಿದವನೇ ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಈ ಸಲ ಮಳೆ-ಬೆಳೆ ಹೇಗೆ, ರಾಜಕಾರಣ ಎತ್ತ ಎಂದು ಜನ ದಾರಿಯುದ್ದಕ್ಕೂ ಆ ಮಾತಿನ ಅರ್ಥ ಬಿಡಿಸುತ್ತಾರೆ.

ಅದೇ ನುಡಿಯನ್ನು ಗುಡಿಯೊಳಗೆ ಆಡಿದ್ದರೆ? ನುಡಿ ಉಳಿಯುತ್ತಿತ್ತು, ದೃಶ್ಯ ಉಳಿಯುತ್ತಿರಲಿಲ್ಲ. ಬಯಲಾದ್ದರಿಂದ ಎಲ್ಲರಿಗೂ ಕಾಣಲು ಎತ್ತರ ಬೇಕು. ಎತ್ತರವಿದ್ದಲ್ಲಿ ಬೀಳುವ ಭಯವಿದೆ. ಆ ಭಯದಿಂದಲೇ ಮಾತಿಗೆ ತೂಕ. ಅರ್ಧ ನಿರ್ದೇಶನವನ್ನು ನೆಲವೇ ಮಾಡಿ ಮುಗಿಸಿರುತ್ತದೆ.

ನಮ್ಮ ಸಿನಿಮಾದಲ್ಲಿ ಎಷ್ಟೋ ಸಲ ಕಥೆ, ಸಂಭಾಷಣೆ ಎಲ್ಲ ಸಿದ್ಧವಾದ ಮೇಲೆ 'ಲೊಕೇಶನ್ ನೋಡಲು' ಹೊರಡುತ್ತಾರೆ. ಈ ಕ್ರಮವೇ ತಪ್ಪು. ಕೂಡ್ಲಿಗಿಯಿಂದ ದಕ್ಷಿಣಕ್ಕೆ ಹೋದರೆ ಸಿಗುವ ಚಿತ್ರದುರ್ಗವನ್ನು ಪುಟ್ಟಣ್ಣ ಕಣಗಾಲ್ ಹೇಗೆ ಬಳಸಿಕೊಂಡರು ಎಂಬುದನ್ನು ನೋಡಬೇಕು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದು ಮಾಡಿದ 'ನಾಗರಹಾವು' ತೆರೆಗೆ ಬಂದದ್ದು 1972ರಲ್ಲಿ. ದುರ್ಗದ ಬಂಡೆಯ ಮೇಲೆ ಯಾರೂ ಮೆತ್ತಗೆ ನಡೆಯಲಾರರು. ಏರುವಾಗ ಮೈ ಬಾಗುತ್ತದೆ, ಉಸಿರು ಬಿಗಿಯುತ್ತದೆ. ಚಿತ್ರದ ನಾಯಕ ರಾಮಾಚಾರಿಯ ಸಿಟ್ಟಿನ ಒಂದು ಪಾಲು ವಿಷ್ಣುವರ್ಧನ್ ಅವರ ಕಣ್ಣಿನದು, ಇನ್ನೊಂದು ಪಾಲು ಆ ಕಲ್ಲಿನದು. ಕೊನೆಯಲ್ಲಿ ಚಾಮಯ್ಯ ಮೇಷ್ಟ್ರು ಮತ್ತು ಶಿಷ್ಯ ಬೆಟ್ಟದ ಮೇಲೆ ಎದುರಾಬದುರಾಗುತ್ತಾರೆ, ಪಕ್ಕದಲ್ಲೇ ಪ್ರಪಾತ. ಸಮತಟ್ಟು ನೆಲದಲ್ಲಿ ಆ ತಳ್ಳಾಟ ಬರೀ ಜಗಳವಾಗಿ ಮುಗಿಯುತ್ತಿತ್ತು. ಇಲ್ಲಿ ಅದು ಗುರುವಿನ ಸಾವು. ಅದೇ ಚಿತ್ರದ ಓಬವ್ವನ ಹಾಡನ್ನೂ ನೆನೆಯಬಹುದು. ಒಬ್ಬೊಬ್ಬರೇ ನುಸುಳಿ ಬರಬೇಕಾದ ಕಿಂಡಿ ಇರದಿದ್ದರೆ ಒಂದು ಒನಕೆ ಸೈನ್ಯಕ್ಕೆ ಎದುರು ನಿಲ್ಲುವುದು ಹೇಗೆ?

ಹಾಗಾದರೆ ಒಳ್ಳೆಯ ಜಾಗ ಸಿಕ್ಕರೆ ಸಾಕೇ? ಸಾಲದು. ಪುಟ್ಟಣ್ಣನವರೇ 1974ರಲ್ಲಿ ಅದೇ ಕಥೆಯನ್ನು 'ಜಹ್ರೀಲಾ ಇನ್ಸಾನ್' ಎಂದು ಹಿಂದಿಗೆ ತಂದರು. ದುರ್ಗದಲ್ಲೇ ಚಿತ್ರೀಕರಿಸಿದರೂ ಅದು ಸೋತಿತು. ಸೋಲಿಗೆ ಕಾರಣ ಹಲವಿರಬಹುದು. ಆದರೆ ಕನ್ನಡದ ಪ್ರೇಕ್ಷಕನಿಗೆ ಆ ಕಲ್ಲುಗಳ ಹಿಂದೆ ಓಬವ್ವ, ಮದಕರಿನಾಯಕ ಕಾಣುತ್ತಾರೆ. ಹೊರಗಿನವನಿಗೆ ಕಾಣುವುದು ಒಂದು ಚಂದದ ಕೋಟೆ ಮಾತ್ರ. 2005ರ ಜಾಕಿ ಚಾನ್ ಚಿತ್ರ 'ದಿ ಮಿಥ್'ನಲ್ಲಿ ಹಂಪಿಗೂ ಇದೇ ಗತಿ: ಕಲ್ಲು ಬಂತು, ಊರು ಬರಲಿಲ್ಲ.

ಊರನ್ನೇ ತಂದದ್ದು 'ತಿಥಿ'. ಕಥೆ ಬರೆದ ಈರೇಗೌಡರ ಸ್ವಂತ ಊರು, ಮಂಡ್ಯ ಸೀಮೆಯ ನೊದೆಕೊಪ್ಪಲು. ನಿರ್ದೇಶಕ ರಾಮ್ ರೆಡ್ಡಿ ಅಲ್ಲಿನ ಜನರಿಂದಲೇ ನಟನೆ ಮಾಡಿಸಿದರು. ಅದರಲ್ಲಿನ ಗಡ್ಡಪ್ಪ ಎಂಬ ಪಾತ್ರದ ನಡಿಗೆಯ ನಿಧಾನ ಯಾವ ಚಿತ್ರಕಥೆಯಲ್ಲೂ ಮೊದಲೇ ಬರೆದಿಡುವಂಥದ್ದಲ್ಲ. ಆ ಹೊಲ, ಆ ದಾರಿ, ಆ ಮೈ ಕೂಡಿಯೇ ಬಂದದ್ದು.

ಹಾಗಾಗಿ ನಮ್ಮ ಹಡಗಲಿ, ಕೂಡ್ಲಿಗಿ ಸೀಮೆಗೆ ಕ್ಯಾಮೆರಾ ತರುವವರು ಬರೆಯುವ ಮುಂಚೆಯೇ ಬರಲಿ. ಗುಡೇಕೋಟೆಯ ಬಂಡೆ ಹತ್ತಿ ನೋಡಲಿ, ಮಳೆ ನಿಂತ ಮಾರನೆಯ ದಿನ ಹಡಗಲಿ ಕಡೆಯ ಎರೆಹೊಲಕ್ಕೆ ಕಾಲಿಡಲಿ. ಓಡುವ ದೃಶ್ಯವೆಂದು ತಲೆಯಲ್ಲಿಟ್ಟುಕೊಂಡು ಬಂದದ್ದು ಅಲ್ಲಿ ನಾಲ್ಕು ಹೆಜ್ಜೆಗೇ ಕಾಲು ಕೀಳುವ ದೃಶ್ಯವಾಗುತ್ತದೆ. ಬೆನ್ನಟ್ಟುವವನೂ ಅದೇ ಕೆಸರಿನಲ್ಲಿ ಹೂತಿರುತ್ತಾನೆ. ಆಗ ಇಬ್ಬರೂ ಮಾತಾಡಲೇಬೇಕಾಗುತ್ತದೆ.