ಎರವಲು ಗಾಂಧಾರ

ಕಚೇರಿಯಲ್ಲಿ ಹಾಡಿದ ಕೃತಿ ತ್ಯಾಗರಾಜರದು, ಅದಕ್ಕೆ ಮೊದಲು ಮಾಡಿದ ಆಲಾಪನೆ ಹಾಡಿದವನದು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಕಟ್ಟಿಟ್ಟದ್ದು ಪರರದು, ಆಗಿಂದಾಗ ಹುಟ್ಟಿದ್ದು ಸ್ವಂತದ್ದು. ಮನೋಧರ್ಮ ಎಂಬ ಮಾತಿನಲ್ಲೇ ಈ ನಂಬಿಕೆ ಅಡಗಿದೆ. ಇದು ಎಷ್ಟು ಗಟ್ಟಿ ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಐವತ್ತು ದಾಟಿದ ಮೇಲೆ, ಅದೂ ಬ್ಲೂಸ್ ಎಂಬ ಅಮೆರಿಕದ ಕರಿಯರ ಸಂಗೀತವನ್ನು ಪಿಯಾನೋ ಮನೆಗಳ ಮೇಲೆ ಆಶುವಾಗಿ ನುಡಿಸಲು ಕಲಿಯುತ್ತಿರುವಾಗ.

ಹೊಸೂರಿನ ಮಗ್ಗುಲಿನ ನಮ್ಮ ಮತ್ತಿಗಿರಿಯಲ್ಲಿ ಬ್ಲೂಸಿಗೇನು ಕೆಲಸ ಎಂದು ಕೇಳುವವರಿದ್ದಾರೆ. (ಹಾಗೆ ಕೇಳುವುದಾದರೆ ಇಂಗ್ಲಿಷರ ಸೈನ್ಯದ ಕುದುರೆಗಳಿಗೂ ಇಲ್ಲಿ ಕೆಲಸವಿರಲಿಲ್ಲ. 1824ರಲ್ಲಿ ಅವುಗಳಿಗಾಗಿ ಶುರುವಾದದ್ದೇ ಆಮೇಲೆ ನಮ್ಮೂರ ಜಾನುವಾರು ಕ್ಷೇತ್ರವಾಯಿತು.) ಮಗಳು ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ ಅವಳ ಕೀಬೋರ್ಡು ಮನೆಯಲ್ಲಿ ಉಳಿಯಿತು. ಭಜನೆಗೆ ಹಾರ್ಮೋನಿಯಂ ಬಾರಿಸಿದ ಕೈ ನನ್ನದು. ಕಲಿಸಿಕೊಡಲು ಒಪ್ಪಿದವನು ಪಕ್ಕದ ಬೀದಿಯ ಹುಡುಗ, ಅವನು ಇಗರ್ಜಿಯ ಗಾಯನ ತಂಡಕ್ಕೆ ನುಡಿಸುವವನು.

ಬ್ಲೂಸಿನ ಚೌಕಟ್ಟು ಬಹಳ ಸಣ್ಣದು. ಆವರ್ತಕ್ಕೆ ನಾಲ್ಕು ಎಣಿಕೆಯಂತೆ ಹನ್ನೆರಡು ಆವರ್ತ, ಮೂರೇ ಕಾರ್ಡು. ಷಡ್ಜದ ಮೇಲೆ ನಾಲ್ಕು ಆವರ್ತ ನಿಂತು, ಮಧ್ಯಮಕ್ಕೆ ಹೋಗಿ ಎರಡು, ಮರಳಿ ಷಡ್ಜದಲ್ಲಿ ಎರಡು, ಪಂಚಮದಲ್ಲಿ ಒಂದು, ಮಧ್ಯಮದಲ್ಲಿ ಒಂದು, ಕೊನೆಗೆ ಷಡ್ಜದಲ್ಲಿ ಎರಡು. ಎಡಗೈ ಇದನ್ನು ಗಾಣದೆತ್ತಿನ ಹಾಗೆ ಸುತ್ತುತ್ತಿರುತ್ತದೆ. ಬಲಗೈಗೆ ಕೊಟ್ಟ ಸ್ವರಗಳನ್ನು ಮೊದಲ ದಿನ ಕೇಳಿದಾಗ ನನಗೆ ನಗು ಬಂತು, ಯಾಕೆಂದರೆ ಪ್ರತಿಮಧ್ಯಮವೊಂದನ್ನು ಬಿಟ್ಟರೆ ಅದು ನಮ್ಮ ಶುದ್ಧ ಧನ್ಯಾಸಿಯೇ: ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ.

ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಬಲಗೈ ಸಾಧಾರಣ ಗಾಂಧಾರವನ್ನು ಹಿಡಿದಿರುವಾಗ ಎಡಗೈಯ ಕಾರ್ಡಿನಲ್ಲಿ ಅಂತರ ಗಾಂಧಾರ ಕೂತಿರುತ್ತದೆ. ಎರಡು ಗಾಂಧಾರಗಳು ಒಟ್ಟಿಗೆ! ನಮ್ಮ ಮೇಷ್ಟರು ಇದ್ದಿದ್ದರೆ ಎದ್ದು ಹೋಗುತ್ತಿದ್ದರು. ಬ್ಲೂಸಿನ ಜೀವವಿರುವುದು ಈ ಜಗಳದಲ್ಲೇ. ಕರಿಯರ ಗಂಟಲು ಹಾಡುತ್ತಿದ್ದ ಗಾಂಧಾರ ಇವೆರಡರ ನಡುವೆ ಎಲ್ಲೋ ಇದೆ. ಗಿಟಾರಿನವನು ತಂತಿಯನ್ನು ಎಳೆದು ಅದನ್ನು ಮುಟ್ಟುತ್ತಾನೆ. ಪಿಯಾನೋದಲ್ಲಿ ತಂತಿಯನ್ನು ಎಳೆಯಲಾಗದು. ಕರಿಯ ಮನೆಯಿಂದ ಬಿಳಿಯ ಮನೆಗೆ ಬೆರಳು ಜಾರಿಸಿ, ಇಲ್ಲವೇ ಎರಡನ್ನೂ ಒಟ್ಟಿಗೆ ಒತ್ತಿ, ಇಲ್ಲದ ಸ್ವರದ ಭ್ರಮೆ ಹುಟ್ಟಿಸಬೇಕು. ಗಮಕ ಹಿಡಿಯಲಾರದೆಂಬ ಇಂಥದೇ ಕೊರತೆಗಾಗಿ ನಮ್ಮ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಅದೇ ಕೊರತೆಯ ವಾದ್ಯದಲ್ಲಿ ಅವರು ಒಂದು ಪರಂಪರೆಯನ್ನೇ ಕಟ್ಟಿದರು.

ಕಲಿಸುವ ಹುಡುಗ ಮೊದಲು ಮಾಡಿಸಿದ್ದು ನಕಲು. ಮಡ್ಡಿ ವಾಟರ್ಸ್ ತಂಡದಲ್ಲಿ ಪಿಯಾನೋ ನುಡಿಸುತ್ತಿದ್ದ, 1970ರಲ್ಲಿ ತೀರಿಕೊಂಡ ಓಟಿಸ್ ಸ್ಪ್ಯಾನ್ ಎಂಬವರ ತುಣುಕುಗಳನ್ನು ಒಂದೊಂದಾಗಿ ಕೇಳಿಸಿ, ನಿಲ್ಲಿಸಿ, ಬೆರಳಿಗೆ ಹತ್ತಿಸಿದ. ತಿಂಗಳುಗಟ್ಟಲೆ ಹೀಗೆ ಮಾಡಿದ ಮೇಲೆ ಒಂದು ದಿನ "ಈಗ ನಿಮ್ಮದು ನುಡಿಸಿ ಸಾರ್" ಅಂದ. ನುಡಿಸಿದೆ. ಬಂದದ್ದೆಲ್ಲ ಸ್ಪ್ಯಾನ್. ಆ ಸ್ಪ್ಯಾನರಾದರೂ ಬಿಗ್ ಮೇಸಿಯೋ ಎಂಬ ಹಿರಿಯರ ಜಾಡಿನಲ್ಲಿ ಬೆಳೆದವರು. ಅಗೆಯುತ್ತ ಹೋದರೆ 'ಸ್ವಂತ' ಎಂಬುದು ತಳದಲ್ಲಿ ಎಲ್ಲೂ ಸಿಗುವುದಿಲ್ಲ. ಯಾವ ತುಣುಕಾದ ಮೇಲೆ ಯಾವುದು, ಎಲ್ಲಿ ಕೈ ಎತ್ತಿ ಸುಮ್ಮನಿರಬೇಕು, ಇಷ್ಟರ ಆಯ್ಕೆ ಮಾತ್ರ ನನ್ನದು.

ಈ ಸಂಚಿಕೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ನನ್ನ ಹೆಂಡತಿಯ ತವರು ಕುಂಬಳೆಯ ಕಡೆ, ಹಾಗಾಗಿ ತಾಳಮದ್ದಳೆಯ ರುಚಿ ನನಗೂ ತಡವಾಗಿ ಹತ್ತಿತು. ಭಾಗವತರು ಪಾರ್ತಿಸುಬ್ಬನ ಪದ್ಯ ಹಾಡಿ ನಿಲ್ಲಿಸುತ್ತಾರೆ, ಅರ್ಥಧಾರಿ ಅಲ್ಲಿಂದ ಮಾತು ಎತ್ತಿಕೊಳ್ಳುತ್ತಾನೆ. ಬ್ಲೂಸಿನಲ್ಲೂ ಹಾಡುವವನು ಒಂದು ಸಾಲು ಹೇಳಿ ಜಾಗ ಬಿಡುತ್ತಾನೆ, ವಾದ್ಯ ಉತ್ತರ ಕೊಡುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ವಾಲಿಯನ್ನು ಕೇಳಿದವರು ಇಂದಿಗೂ ಅದನ್ನು 'ಶೇಣಿಯವರ ವಾಲಿ' ಎಂದೇ ಕರೆಯುತ್ತಾರೆ. ಆದರೆ ಅಲ್ಲಿ ಋಣ ಮುಚ್ಚಿಹೋಗುವುದಿಲ್ಲ. ಪದ್ಯ ಎದುರಿಗೇ ಇದೆ, ಪ್ರಸಂಗಕ್ಕೆ ಕವಿಯ ಹೆಸರಿದೆ. ದಾಸರ ಪದದಲ್ಲಂತೂ ಅಂಕಿತವೇ ಇದೆ. ಎಲ್ಲ ಬಿಟ್ಟು ಹೊರಟವರ ಪದಗಳನ್ನು ನಾವು ಮದುವೆ ಚಪ್ಪರದಲ್ಲಿ ಜರಿ ಸೀರೆಯುಟ್ಟು ಹಾಡುತ್ತೇವೆ, ನಮಗೆ ಆ ವೈರಾಗ್ಯದ ಮೇಲೆ ಯಾವ ಹಕ್ಕೂ ಇಲ್ಲ. ಆದರೂ ಕೊನೆಯ ಚರಣಕ್ಕೆ ಬಂದಾಗ ಪುರಂದರ ವಿಠಲ ಎನ್ನದೆ ಪದ ಮುಗಿಯುವುದಿಲ್ಲ. ಹೆಸರು ದೇವರದು, ಗುರುತು ದಾಸರದು. ಹಾಡುವವನ ಬಾಯಿಂದಲೇ ಸಾಲಪತ್ರ ಓದಿಸುವ ಉಪಾಯ ಅದು.

ಆಶುವಾಗಿ ನುಡಿಸುವ ಸ್ವರಕ್ಕೆ ಅಂಕಿತವಿಲ್ಲ. ಅನ್ಯಾಯ ನುಸುಳುವುದು ಅಲ್ಲಿ.

ಜಾನಿ ಜಾನ್ಸನ್ ಎಂಬ ಪಿಯಾನೋ ವಾದಕ ಸೇಂಟ್ ಲೂಯಿಯಲ್ಲಿ ಮೂವರ ಒಂದು ತಂಡ ನಡೆಸುತ್ತಿದ್ದರು. 1952ರ ಡಿಸೆಂಬರ್ 31ರ ರಾತ್ರಿ ಅವರ ಸ್ಯಾಕ್ಸೋಫೋನಿನವನಿಗೆ ಕಾಯಿಲೆಯಾಗಿ, ಬದಲಿಗೆ ಚಕ್ ಬೆರಿ ಎಂಬ ಗಿಟಾರಿನ ಯುವಕನನ್ನು ಕರೆಸಿಕೊಂಡರು. ಮುಂದೆ ತಂಡವೇ ಬೆರಿಯದಾಯಿತು, ರಾಕ್ ಸಂಗೀತ ಲೋಕವನ್ನೆಲ್ಲ ವ್ಯಾಪಿಸಿತು. ಬೆರಿಯ ಎಷ್ಟೋ ಹಾಡುಗಳು ಗಿಟಾರಿಗೆ ಒಗ್ಗದ, ಪಿಯಾನೋಗೆ ಒಗ್ಗುವ ಶ್ರುತಿಗಳಲ್ಲಿವೆ ಎಂದು ಬಲ್ಲವರು ಗಮನಿಸಿದ್ದಾರೆ. ಹಾಡುಗಳ ಮೇಲೆ ಕರ್ತೃವಾಗಿ ಇದ್ದದ್ದು ಬೆರಿಯ ಹೆಸರೊಂದೇ. 2000ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಜಾನ್ಸನ್ ತಾನೂ ಸಹಕರ್ತೃ ಎಂದು ದಾವೆ ಹೂಡಿದರು. ಕಾಲ ಮೀರಿದೆ ಎಂಬ ಕಾರಣದಿಂದ 2002ರಲ್ಲಿ ಅದು ವಜಾ ಆಯಿತು. 2005ರಲ್ಲಿ ಅವರು ತೀರಿಕೊಂಡರು.

ಅಷ್ಟು ವರ್ಷ ಸುಮ್ಮನಿದ್ದು ಆಮೇಲೆ ಕೇಳಿದ್ದು ಸರಿಯೇ ಎಂದು ವಕೀಲರು ಕೇಳಬಹುದು. ನನ್ನ ಮಟ್ಟಿಗೆ ಆ ಮೌನವೇ ಪುರಾವೆ. ಬೆರಳಿನಿಂದ ಬಂದದ್ದನ್ನು 'ರಚನೆ' ಎಂದು ಕರೆಯಬಹುದೆಂದು ಅಂಥವನಿಗೆ ಯಾರೂ ಹೇಳಿರಲಿಲ್ಲ. ಬೆರಿಗೂ ನ್ಯಾಯ ಸಲ್ಲಬೇಕು. 'ಜಾನಿ ಬಿ. ಗುಡ್' ಹಾಡಿನ ಪ್ರಖ್ಯಾತ ಆರಂಭವನ್ನು ತಾನು ಕಾರ್ಲ್ ಹೋಗನ್ ಎಂಬವರ ಗಿಟಾರಿನಿಂದ ಪಡೆದೆನೆಂದು ಅವರು ಬಚ್ಚಿಡದೆ ಹೇಳಿದವರು. 1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದ ಧ್ವನಿಮುದ್ರಿಕೆಯಲ್ಲಿ, ಕೇಸರಬಾಯಿ ಕೇರ್ಕರರ ಭೈರವಿಯ ಜೊತೆ, ಈ ಹಾಡೂ ಇದೆ. ಹೋಗನ್ ಎಂಬ ಹೆಸರು ಮಾತ್ರ ಭೂಮಿಯ ಮೇಲೇ ಎಷ್ಟು ಜನಕ್ಕೆ ಗೊತ್ತು? ಹೇಳದೆ ಬಿಟ್ಟವರೂ ಇದ್ದಾರೆ. ಲೆಡ್ ಜೆಪೆಲಿನ್ ತಂಡದ 1969ರ ಒಂದು ಹಾಡಿನ ಬಗ್ಗೆ ಹಿರಿಯ ಬ್ಲೂಸ್ ಕವಿ ವಿಲ್ಲಿ ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋಗಿ, ರಾಜಿಯಾಗಿ, ಆಮೇಲೆ ಅವರ ಹೆಸರು ಸೇರಿತು.

ಎರವಲೇ ತಪ್ಪು ಎನ್ನುವ ಶುದ್ಧಾಚಾರ ನನಗೆ ಒಪ್ಪಿಗೆಯಿಲ್ಲ. ಅದರ ಫಲವನ್ನು ಗಡಿಯಲ್ಲಿ ಕಣ್ಣಾರೆ ಕಾಣುತ್ತಿದ್ದೇವೆ. ನಮ್ಮ ಮತ್ತಿಗಿರಿಯ ಕನ್ನಡದಲ್ಲಿ ತೆಲುಗಿನ ಏರಿಳಿತವಿದೆ, ತಮಿಳಿನ ತಿರುವಿದೆ. ನಿಮ್ಮಲ್ಲಿ ತುಳು, ಮಲೆಯಾಳಗಳಿರಬಹುದು. ಬೆಂಗಳೂರಿನ ನೆಂಟರು ಇದನ್ನು ಕೇಳಿ ನಕ್ಕರೆಂದು ಕನ್ನಡದಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟ ಮಕ್ಕಳು ನಮ್ಮ ಬೀದಿಯಲ್ಲೇ ಇದ್ದಾರೆ. ಮಾತನಾಡುವುದೂ ಆಶುವಾಗಿ ನುಡಿಸುವುದೇ ಅಲ್ಲವೇ? ಅಜ್ಜಿಯಿಂದ ಕೇಳಿದ ತುಣುಕು, ಅಂಗಡಿಯಲ್ಲಿ ಹೆಕ್ಕಿದ ತುಣುಕು. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಪಕ್ಕದ ಮನೆಯ ನುಡಿಯಿಂದ ಒಂದು ಮಾತು ತಂದರೆ ಯಾರ ಅನ್ನವೂ ಕಡಿಮೆಯಾಗುವುದಿಲ್ಲ. ಜಾನ್ಸನ್ನರದು ಕಡಿಮೆಯಾಗಿತ್ತು.

ಬ್ಲೂಸ್ ಮಿಸಿಸಿಪಿಯ ಹತ್ತಿ ಹೊಲಗಳಲ್ಲಿ, ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ ಬೆಳೆದದ್ದು. ಪಿಂಚಣಿ ತಿನ್ನುವ ನಾನು ಆ ದುಃಖ ನನ್ನದೆಂದರೆ ಅದು ಕಳವು. ಅದರ ವ್ಯಾಕರಣವನ್ನು ಕಲಿಯಬಹುದು, ಕಲಿತದ್ದನ್ನು ಯಾರಿಂದ ಎಂದು ಹೇಳಬಹುದು.

ಹಾಗಾಗಿ ಈ ನವರಾತ್ರಿಯಲ್ಲಿ ನಮ್ಮ ಭಜನಾ ಮಂಡಳಿಯವರು ಕೊನೆಯ ದಿನ ಹತ್ತು ನಿಮಿಷ ಕೊಟ್ಟಾಗ, ಏನು ನುಡಿಸುವುದು ಎನ್ನುವುದಕ್ಕಿಂತ ಏನು ಹೇಳುವುದು ಎಂದು ಹೆಚ್ಚು ಯೋಚಿಸಿದೆ. ಸ್ಪ್ಯಾನ್, ಮೇಸಿಯೋ, ಜಾನ್ಸನ್, ಹಾರ್ಮೋನಿಯಂ ಕಲಿಸಿದ ಮೇಷ್ಟರು, ಪಕ್ಕದ ಬೀದಿಯ ಹುಡುಗ, ಎಲ್ಲರನ್ನೂ ಚೀಟಿಯಲ್ಲಿ ಬರೆದುಕೊಂಡೆ. ಹುಡುಗ ಚೀಟಿ ಓದಿ ಹೇಳಿದ: "ಇಷ್ಟು ಹೆಸರು ಓದಿದ್ರೆ ನುಡಿಸೋದಕ್ಕೆ ಟೈಮೆಲ್ಲಿ ಸಾರ್?"